ಅರಿಶಿನ ಹಚ್ಚಿದ ಗೂಡು

ಮಾಲೂರು
9 ಫೆಬ್ರವರಿ 2025, ಭಾನುವಾರ

ಅಮ್ಮನಿಗೆ ಶಿರೀಷಾಳ ನಮಸ್ಕಾರ.

ಫೋನ್ ಮಾಡಿದರೆ ಅಳುತ್ತೀಯ, ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಮಗಳ ಓದು ಕೆಡಿಸಿದೆ ಅಂತ ಮೂರು ದಿನದಿಂದ ನೀನು ಸರಿಯಾಗಿ ಉಣ್ಣುತ್ತಿಲ್ಲವಂತೆ. ಅಂಜಮ್ಮತ್ತೆ ಹೇಳಿದರು.

ಆದದ್ದು ಇಷ್ಟು. ತಾಮ್ರದ ಹತ್ತಿಪ್ಪತ್ತು ಪರಮಾಣುಗಳು ಕೂಡಿದ ಚೂರಿಗೆ ನ್ಯಾನೊಕ್ಲಸ್ಟರ್ ಎನ್ನುತ್ತಾರೆ. ಅದರ ಮೇಲೆ ನೀಲಿ ಬೆಳಕು ಬಿದ್ದರೆ ಅದು ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ಎಲ್ಇಡಿ ಬಲ್ಬಿನೊಳಗೆ ಬಳಿಯಬಹುದು. ಆದರೆ ಬೇಗ ಕೆಡುತ್ತದೆ, ಹಿಡಿದಿಡಲು ಏನಾದರೂ ಬೇಕು. ರೇಷ್ಮೆಯಲ್ಲಿ ಹಿಡಿದಿಡೋಣ ಎಂದದ್ದು ನಾನು. ಗೂಡು ನಮ್ಮ ಮನೆಯದೇ ಆಗಲಿ ಎಂದದ್ದೂ ನಾನೇ. ನೀನು ಕುರುಡುಮಲೆ ಗಣಪನ ಮುಂದಿಟ್ಟು, ಅರಿಶಿನ ಹಚ್ಚಿ ಕಳಿಸಿದೆ. ಮೊದಲ್ನೇ ಗೂಡು ಕಣೇ, ಹಂಗೇ ಕಳಿಸ್ತಾರಾ ಅಂತ ಆಮೇಲೆ ನನ್ನನ್ನೇ ಕೇಳಿದೆ.

ನಮ್ಮ ಲೇಪದ ಹಳದಿಯೂ ಬಲ್ಬಿನ ನೀಲಿಯೂ ಸೇರಿ ಬೆಳ್ಳಗೆ ಉರಿಯಿತು. ಗೈಡ್ ಉಮಾಶಂಕರ್ ಸರ್ ಇಡೀ ವಿಭಾಗಕ್ಕೆ ತೋರಿಸಿದರು. ನೀನು ಊರಿಗೆಲ್ಲ ಹೇಳಿದೆ, ಡೇರಿಯಲ್ಲೂ ಬಿಡಲಿಲ್ಲ. ಹತ್ತೇ ದಿನಕ್ಕೆ ಹಳದಿ ಮಾಯ, ಸೀರೆಯ ಮೇಲಿನ ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದಲ್ಲ, ಹಾಗೆ. ತಾಮ್ರ ಹಾಕದೆ ಒಮ್ಮೆ ಮಾಡಿನೋಡು ಎಂದರು ಸರ್. ಮಾಡಿದೆ. ಅದೇ ಹಳದಿ! ಇಷ್ಟು ದಿನ ಹೊಳೆದದ್ದು ನಿನ್ನ ಅರಿಶಿನ.

ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ವಾಪಸು ತೆಗೆದುಕೊಂಡೆವು. ನನ್ನ ಪಿಎಚ್‌ಡಿ ಸೀಟು ಹೋಗುವುದರಲ್ಲಿತ್ತು. ಅಮ್ಮ ಹಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ ಎಂದೆ. ಸರ್ ನಕ್ಕರು, ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮುಂದಿನ ಬೆಳೆಯ ಗೂಡು ಕಳಿಸು. ಅರಿಶಿನ ಬೇಡ, ಗಣಪನಿಗೆ ಬೇಕಾದರೆ ತೋರಿಸು.

ನಿನ್ನ ಮಗಳು,
ಶಿರೀಷಾ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೊದಲ ದಿನ ಅಂಟು ಬಿಡಿಸಲು ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿದಾಗಲೇ ನೀರು ಆರತಿ ತಟ್ಟೆಯ ನೀರಿನಂತೆ ಕೆಂಪಾಗಿತ್ತು. ಅರಿಶಿನವೆಂದು ಅವತ್ತೇ ಗೊತ್ತಾಯಿತು. ನೀರು ಚೆಲ್ಲಿ ಸುಮ್ಮನಾದೆ. ಎಷ್ಟು ತೊಳೆದರೂ ಹಳದಿ ಬಿಡಲಿಲ್ಲ, ಬಲ್ಬು ಚೆನ್ನಾಗಿ ಉರಿಯಿತು, ನನಗೂ ಅದೇ ಬೇಕಿತ್ತು. ಆಮೇಲೆ ನಿನ್ನ ಹೆಸರು ಹೇಳಿ ತಪ್ಪಿಸಿಕೊಂಡೆ. ನಾಚಿಕೆಯಾಗುತ್ತದೆ ಅಮ್ಮಾ. ನಾಳೆ ಬೆಳಗಿನ ರೈಲಿಗೆ ವಿಭಾಗಕ್ಕೆ ಹೋದವಳೇ ಸರ್‌ಗೆ ಇದನ್ನೇ ಹೇಳುತ್ತೇನೆ. ಸೀಟು ಉಳಿಯುತ್ತದೋ ಇಲ್ಲವೋ ತಿಳಿಯದು. ನೀನು ಊಟ ಮಾಡು.