ಸೊಸೈಟಿ ಅಂಗಡಿಯ ಬೀರು

ಶಾಂತಿಗ್ರಾಮ
೧೪-೬-೧೯೬೫

ಪ್ರೀತಿಯ ತಮ್ಮ ಪಂಚಾಕ್ಷರನಿಗೆ ಅಕ್ಕನ ಆಶೀರ್ವಾದ.

ಮೈಸೂರಿನ ಊಟ ಒಗ್ಗಿತೇ? ಸೊಂಟನೋವು ಹೇಗಿದೆ? ಆರು ವಾರ ಬೆಂಚಿನ ಮೇಲೆ ಕೂತು ಅಂಗಡಿ ನಡೆಸುವುದನ್ನು ಕಲಿಯುವುದೆಂದರೆ ಸಾಮಾನ್ಯವೇ, ಪಾಪ! ಬಿಸಿನೀರಿನ ಶಾಖ ಕೊಟ್ಟುಕೋ. ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಸೊಸೈಟಿ ಅಂಗಡಿಯೊಂದನ್ನು ಬಿಟ್ಟು.

ಒಂದು ವಿಷಯ ನನಗೆ ಇಂದಿಗೂ ಅರ್ಥವಾಗಿಲ್ಲ. ತಕ್ಕಡಿ ಹಿಡಿಯುವವನು ಗುಂಡಯ್ಯ, ರೈತರಿಗೆ ಉತ್ತರ ಹೇಳಬೇಕಾದವನೂ ಗುಂಡಯ್ಯ. ತರಬೇತಿಗೆ ಹೋದವನು ಮಾತ್ರ ಕಾರ್ಯದರ್ಶಿ ನೀನು, ಗೊಬ್ಬರದ ಮೂಟೆಯನ್ನು ಒಂದು ದಿನವೂ ಮುಟ್ಟದವನು. ಹೋಗುವಾಗ ಬೀರುವಿಗೆ ಬೀಗ ಜಡಿದು, ಬೀಗದ ಕೈಯನ್ನೂ ಉಡಿದಾರಕ್ಕೆ ಕಟ್ಟಿಕೊಂಡು ಹೋದೆ. "ಅವ್ನಿಗೆಲ್ಲಾ ಗೊತ್ತಾದ್ರೆ ತಲೆ ಮೇಲೆ ಕೂರ್ತಾನೆ ಕಣಕ್ಕ" ಎಂದೆಯಲ್ಲ! ಈಗ ಈ ರಾಸಾಯನಿಕ ಗೊಬ್ಬರವನ್ನು ಹೇಗೆ ಹಾಕಬೇಕೆಂದು ಯಾರು ಕೇಳಿದರೂ ಗುಂಡಯ್ಯನದು ಒಂದೇ ಉತ್ತರ: "ಸೆಕ್ರೆಟ್ರಿ ಬಂದ್ಮೇಲೆ ಕೇಳಿ." ಮಳೆ ನಿನ್ನ ದಾರಿ ಕಾಯುತ್ತದೆಯೇ? ಜನ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಗೊಬ್ಬರ ತಂದರು. ನಮ್ಮ ಮೂಟೆಗಳು ಯುಗಾದಿಯಿಂದ ನಿನ್ನ ಹಾಗೆಯೇ ಗೋಡೆಗೆ ಒರಗಿ ಕೂತಿದ್ದವು.

ಬೆಟ್ಟಮ್ಮ ಮಾತ್ರ ನಮ್ಮ ಅಂಗಡಿಯನ್ನೇ ನಂಬಿದಳು. ಗಂಡ ಸತ್ತ ಮೇಲೆ ಅರ್ಧ ಎಕರೆಯನ್ನು ಒಬ್ಬಳೇ ಬೇಸಾಯ ಮಾಡುವ ಹೆಂಗಸು ಅವಳು. ಸಾಲಿನಲ್ಲಿ ಗೊಬ್ಬರ ಸುರಿದು, ಅದರ ಮೇಲೆಯೇ ಬೀಜದ ಆಲೂಗಡ್ಡೆ ಇಟ್ಟಳು. ಹೋದ ವಾರ ನಾನು ಪಾಠ ಮುಗಿಸಿ ಸ್ಕೂಲಿನಿಂದ ಬರುವಾಗ, ಕೊಳೆತ ಹೋಳುಗಳನ್ನು ಮಡಿಲಲ್ಲಿ ತಂದು ತಕ್ಕಡಿಯ ಮೇಲೆ ಸುರಿಯುತ್ತಿದ್ದಳು. "ಒಂದ್ ಮಾತು ಯೋಳಿದ್ರೆ ನಿನ್ ಗಂಟೇನ್ ಓಯ್ತಿತ್ತು ಗುಂಡಣ್ಣ?" ಎಂದಳು. "ನಂಗ್ ಗೊತ್ತಿದ್ರೆ ತಾನೆ ಬೆಟ್ಟವ್ವ ಯೋಳಾದು" ಎಂದು ಅವನು ಅತ್ತೇಬಿಟ್ಟ. ನನಗೂ ಅಳು ಬಂತು. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು.

ಆಚಾರಿಯನ್ನು ಕರೆಸಿ ಬೀರುವಿನ ಬೀಗ ಒಡೆಸಿದೆ. ಒಳಗೆ ವ್ಯವಸಾಯ ಇಲಾಖೆಯವರು ಕಳಿಸಿದ ಕರಪತ್ರಗಳ ಕಟ್ಟು, ದಾರವನ್ನೂ ಬಿಚ್ಚಿಲ್ಲ. ಮೇಲೆ ದಪ್ಪಕ್ಷರದಲ್ಲಿ "ರೈತರಿಗೆ ಉಚಿತ" ಎಂದಿದೆ. ಮೂರನೆಯ ಸಾಲಿನಲ್ಲೇ ಬರೆದಿದ್ದಾರೆ, ಗೊಬ್ಬರ ಬೀಜಕ್ಕೆ ತಾಗದಂತೆ ನಡುವೆ ಮಣ್ಣು ಎಳೆಯಬೇಕೆಂದು. ಮುಚ್ಚಿಡುವುದಕ್ಕೆ ಅದೇನು ನಮ್ಮಜ್ಜಿ ಬಿಟ್ಟುಹೋದ ಒಡವೆಯೇ? ಎರಡು ಸಂಜೆ ಗುಂಡಯ್ಯನನ್ನು ಕೂರಿಸಿಕೊಂಡು ಓದಿ ಹೇಳಿದೆ. ಮೂರನೆಯ ದಿನ ಅವನು ಊರಿಗೇ ಹೇಳಿಕೊಡುತ್ತಿದ್ದ. ಹಾಸನದ ಬಸ್ಸಿಗೆ ನಿಂತವರೂ ತಿರುಗಿ ಬಂದರು, ಮೂಟೆಗಳೆಲ್ಲ ಖಾಲಿ. ಅವನು ಯಾರ ತಲೆಯ ಮೇಲೂ ಕೂರಲಿಲ್ಲ, ಕೂರಲು ಅವನಿಗೆ ಪುರುಸೊತ್ತೇ ಇಲ್ಲ.

ದೇವರು ನಿನಗೆ ಆರೋಗ್ಯ ಕೊಡಲಿ. ಉಳಿದಿದ್ದರೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇತಿ ನಿನ್ನ ಅಕ್ಕ,
ಅನಸೂಯಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೆಟ್ಟಮ್ಮನಿಗೆ ಮತ್ತೆ ಬಿತ್ತಲು ಬೀಜವಿರಲಿಲ್ಲ. ನಿನ್ನ ಹೊಲಕ್ಕೆಂದು ನೀನು ಎತ್ತಿಟ್ಟಿದ್ದ ಮೂರು ಮೂಟೆ ಆಲೂಗಡ್ಡೆಯನ್ನೂ ಅವಳಿಗೆ ಕೊಟ್ಟುಬಿಟ್ಟೆ. ಗುಂಡಯ್ಯನೇ ನಿಂತು ಬಿತ್ತಿಸಿದ. ನೀನೇನೂ ಯೋಚನೆ ಮಾಡಬೇಡ. ಮೈಸೂರಿನಿಂದ ಸರ್ಟಿಫಿಕೇಟು ತರುತ್ತೀಯಲ್ಲ, ಈ ವರ್ಷ ಅದನ್ನೇ ಬಿತ್ತಿಕೋ.