ಜೀಪಿನ ಮೇಲಿಟ್ಟ ಹುಳುಗಳು

ಜೂನ್ ೨೧, ಬುಧವಾರ. ಪಾಳಾ.

ಕೃಷಿ ಇಲಾಖೆಯವರು ಕೊಡುತ್ತೇವೆಂದದ್ದು: ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ತಿನ್ನುವ ಎರಡು ಸಾವಿರ ದುಂಬಿ, ಕಸ ಕೀಳುವ ಹೆಂಗಸರಿಗೆ ಕೈಗವಸು. ಕೈಗವಸು ಇಲ್ಲವೆಂದರು. ದುಂಬಿ ಕೊಟ್ಟರು, ಕೊಂದು ಕೊಟ್ಟರು.

ಮಳೆಯಿಲ್ಲ, ಬೆಂಕಿಯಂಥ ಬಿಸಿಲು. ಹುಳು ಬಿಡುವ ಸಮಾರಂಭದ ಅತಿಥಿ ಬಂದು ಫೋಟೊ ಆಗುವವರೆಗೆ ಹುಳುಗಳ ಡಬ್ಬಿಗಳಿಗೆ ಹಾರ ಹಾಕಿ ಜೀಪಿನ ಬಾನೆಟ್ಟಿನ ಮೇಲೆ ಇಟ್ಟಿದ್ದರು, ಹತ್ತರಿಂದ ಒಂದರವರೆಗೆ. ‘ನೆರಳಿನಲ್ಲಿಡಿ’ ಎಂಬ ಚೀಟಿಯನ್ನೇ ಹಾರ ಮುಚ್ಚಿತ್ತು. ಕಾವು ಏರಿದರೆ ಹುಳುವಿನ ಉಸಿರಾಟ ಜೋರಾಗುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೆಲ್ಲ ಜೀವ ಹಿಡಿದುಕೊಳ್ಳಲಿಕ್ಕೇ ಕರಗಿಹೋಗುತ್ತದೆ. ತಿನ್ನುವ ತ್ರಾಣವೂ ಇಲ್ಲ, ಮೊಟ್ಟೆಯಿಡುವ ತ್ರಾಣವೂ ಇಲ್ಲ. ಕಸದ ಮೇಲೆ ಬಿಡುವಾಗ ಅರ್ಧದಷ್ಟು ಸತ್ತಿದ್ದವು. ಉಳಿದವು ಎಲೆ ಮುಟ್ಟಲಿಲ್ಲ.

"ಬಿಡೂದು ನಮ್ಮ ಕೆಲಸರಿ. ತಿನ್ನೂದು ಹುಳದ ಮರ್ಜಿ," ಅಂದ ಅಧಿಕಾರಿ.

ತುಳಸಿಬಾಯಿ ಮುಂದೆ ಬಂದಳು. ಇದೇ ಕಸ ಕಿತ್ತೂ ಕಿತ್ತೂ ಅವಳ ಚರ್ಮ ಮೊಣಕೈತನಕ ಒಡೆದು ರಸಿಗೆ ಸೋರುತ್ತಿದೆ. "ಸಾಹೇಬ್ರ, ನೀವೂ ಆ ಜೀಪಿನ ಮ್ಯಾಲ ಮೂರು ತಾಸು ಕುಂದರ್ರಿ. ಆಮ್ಯಾಲ ಊಟಾ ಮಾಡಿ ತೋರಸ್ರಿ."

ಜನ ನಕ್ಕರು. ನಾನು ನಗಲಿಲ್ಲ. ತಪ್ಪು ಇಲಾಖೆಯವರದಷ್ಟೇ ಅಲ್ಲ. ಡಬ್ಬಿ ನನ್ನ ಕಣ್ಣೆದುರೇ ಇದ್ದವು. ಕೂಲಿಕಾರರ ಸಂಘದಲ್ಲಿ ಇಪ್ಪತ್ತು ವರ್ಷ ಘೋಷಣೆ ಕೂಗಿದ ನಾನು ಪೆಂಡಾಲಿನ ನೆರಳಲ್ಲಿ ಕೂತು ಭಾಷಣ ಕೇಳಿದೆ. ಎದ್ದು ಎತ್ತಿಡಲಿಲ್ಲ. ಥೂ.

ನಾಳೆ ಅವಳು ಮತ್ತೆ ಬರಿಗೈಯಲ್ಲೇ ಕೀಳಬೇಕು. ಕೂಲಿ ಬಿಟ್ಟರೆ ಒಲೆ ಹೊತ್ತುವುದಿಲ್ಲ.

ಹೊಸ ಹುಳು, ಕೈಗವಸು ಎರಡನ್ನೂ ನಮ್ಮ ಸಂಘದ ಸಭೆಗೆ ತಂದೇ ಬರಬೇಕೆಂದು ಅಧಿಕಾರಿಗೆ ಹೇಳಿ ಬಂದಿದ್ದೇವೆ. ಹನ್ನೊಂದಕ್ಕೆ ಬರುತ್ತೇನೆಂದ. ಬಿಸಿಲೇರುವ ಮೊದಲೇ ಹುಳು ಬಿಡಬೇಕೆಂದು ತುಳಸಿಬಾಯಿ ಒಪ್ಪಲಿಲ್ಲ. ಸಭೆ ಶನಿವಾರ, ಬೆಳಗಿನ ಆರಕ್ಕೆ, ಅವಳು ಕೀಳುವ ಹೊಲದಲ್ಲೇ.