ಐದನೆಯ ಚಿತ್ರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ನೀನು ಆ ಕಾದಂಬರಿ ಕಳಿಸಿ ತಿಂಗಳಾಯಿತು, ನಾನು ಈಗ ಬರೆಯುತ್ತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈಯಿ.

ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುವ ಹಾಗೆ, ನೀನು ಆ ಪುಸ್ತಕ ತುಂಬಿ ಕಳಿಸಿದ ಮೆಮೊರಿ ಕಾರ್ಡನ್ನು ನನ್ನ ಫೋನು ಒಪ್ಪಲೇ ಇಲ್ಲ. ಮಗ ಫೋನಿಗೆ ಬೀಗ ಹಾಕಿದ್ದಾನೆ. ತೆರೆದರೆ ನಾಲ್ಕೇ ಚಿತ್ರ: ಮಗ, ಸೊಸೆ, ಡಾಕ್ಟರು, ಟಾರ್ಚು. ಬೇರೆ ಯಾವ ನಂಬರನ್ನೂ ಒತ್ತುವ ಹಾಗಿಲ್ಲ. "ನಿನ್ನ ಒಳ್ಳೇದಕ್ಕೇ ಅಮ್ಮ" ಎನ್ನುತ್ತಾನೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು ರಟ್ಟು ಹಾಕಿದವಳಿಗೆ ಒಂದು ಪುಸ್ತಕ ತೆರೆಯಲು ಅಪ್ಪಣೆ ಬೇಕು, ನೋಡು!

ಕೊನೆಗೆ ಸೊಸೆಯೇ ಕನಿಕರಪಟ್ಟಳು. ಮೊನ್ನೆ ಮಧ್ಯಾಹ್ನ ಬೀಗ ತೆಗೆದು, ಕಾರ್ಡಿನಲ್ಲಿದ್ದುದನ್ನು ತನ್ನ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ವೈರು ಚುಚ್ಚಿ ನನ್ನ ಫೋನಿಗೆ ಇಳಿಸಿದಳು. ಮೊದಲು ಅಕ್ಷರದ ಬದಲು ಬರೀ ಚೌಕಗಳು ಬಂದವು. ಅದನ್ನೂ ಸರಿಮಾಡಿ, ಪುಸ್ತಕವನ್ನು ಐದನೆಯ ಚಿತ್ರವಾಗಿ ಕೂರಿಸಿ, ಮತ್ತೆ ಬೀಗ ಹಾಕಿದಳು. "ನಿಮ್ಮ ಮಗನಿಗೆ ನಾನ್ ಹೇಳ್ಕೋತೀನಿ ಅತ್ತೆ, ನೀವು ಆರಾಮಾಗಿ ಓದಿ."

ಅಭ್ಯಾಸಬಲ, ಪುಟ ತಿರುಗಿಸಲು ಬೆರಳಿಗೆ ಎಂಜಲು ಹಚ್ಚಿದೆ. ಗಾಜು ಒದ್ದೆಯಾಯಿತು, ಪುಟ ಅಲ್ಲೇ ಕೂತಿತು. ಸೊಸೆ ನಕ್ಕಳು, ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ. ಇದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಅದೊಂದು ಪುಣ್ಯ. ನಿನ್ನ ಭಾವ ಅಚ್ಚಿನ ಪುಸ್ತಕದಿಂದ ಹದಿನೇಳನೆಯ ಅಧ್ಯಾಯದವರೆಗೆ ನನಗೆ ಓದಿ ಹೇಳಿದ್ದರಲ್ಲ, ಅಲ್ಲಿಂದ ಹಿಡಿದು ನಿನ್ನೆ ಮುಗಿಸಿದೆ. ಕಥೆಯ ಆ ದೋಣಿಯವನು ಕೊನೆಗೆ ಮನೆಗೆ ಬರುತ್ತಾನೆ ಕಣೇ. ಬರುವುದಿಲ್ಲ ಎಂದು ಇವರು ಪಣ ಕಟ್ಟಿದ್ದರು. ನಾನೇ ಗೆದ್ದೆ.

ನಿನ್ನ ಮೊಣಕಾಲು ಜೋಪಾನ. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅಕ್ಕ

ಮರೆತಿದ್ದೆ: ಬೀಗ ಯಾಕೆ ಎಂದು ಕೇಳಿದ್ದೆಯಲ್ಲ. ಇವರು ಹೋದ ಮೇಲೂ ನಾನು ದಿನಾ ಸಂಜೆ ಇವರ ನಂಬರಿಗೆ ಫೋನ್ ಮಾಡುತ್ತಿದ್ದೆ. ಆ ನಂಬರು ಯಾರೋ ಹುಡುಗಿಯ ಪಾಲಾಗಿತ್ತು. ಅವಳು ಒಮ್ಮೆ ತಿರುಗಿ ಮಾಡಿದಾಗ ಮಗ ಎತ್ತಿದ. ಅವನದೇನೂ ತಪ್ಪಿಲ್ಲ.

ಆಸ್ಪತ್ರೆಯಿಂದ ಇವರು ಕೊನೆಯ ಸಲ ಫೋನ್ ಮಾಡಿದಾಗ, "ಉಳಿದದ್ದು ನೀನೇ ಓದಿ ಮುಗಿಸೇ. ದೋಣಿಯವನು ಬಂದ್ನಾ ಇಲ್ವಾ, ಫೋನ್ ಮಾಡಿ ಹೇಳು" ಎಂದರು. ಅಕ್ಷರ ಸಣ್ಣದು, ಕಣ್ಣಿಗೆ ಕಾಣೋಲ್ಲ, ನೀವೇ ಬಂದು ಓದಿ ಎಂದುಬಿಟ್ಟೆ. ಪಕ್ಕದ ಮನೆಯವರ ಕೈಲಾದರೂ ಓದಿಸಬಹುದಿತ್ತು. ಈಗ ಹೇಳೋಣವೆಂದು ಐದೂ ಚಿತ್ರ ಒತ್ತಿ ನೋಡಿದೆ ಪುಟ್ಟಿ, ಒಂದೂ ಇವರ ಹತ್ತಿರ ಹೋಗುವುದಿಲ್ಲ.